ಒಡೆಯ ಸತ್ತ ಮೇಲೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣ ಬದಿಯಲ್ಲಿ ಒಂದು ಕಲ್ಲುಕಂಬ ನಿಂತಿದೆ. ಗೋಡೆಯ ಮೇಲಿನ ಆನೆ, ಸಿಂಹ, ಮಕರಗಳ ಸಾಲು ನೋಡುತ್ತ ಬಂದವರಲ್ಲಿ ಬಹಳ ಮಂದಿ ಅದನ್ನು ದೀಪದ ಕಂಬವೆಂದೋ ಗರುಡಗಂಬವೆಂದೋ ತಿಳಿದು ಮುಂದೆ ಹೋಗುತ್ತಾರೆ. ಹತ್ತಿರ ಹೋದವರಿಗೆ ಕಂಬದ ಮೇಲೆ ಚಿಕ್ಕ ಚಿಕ್ಕ ಗಂಡಾಳುಗಳು ಕಾಣುತ್ತಾರೆ. ಕೈಯಲ್ಲಿ ಕತ್ತಿ ಇದೆ, ಎದುರಿಗೆ ಶತ್ರುವಿಲ್ಲ. ಕತ್ತಿ ಅವರವರ ಕೊರಳಿಗೇ ಹೋಗಿದೆ.

ಕಂಬ ಕುವರಲಕ್ಷ್ಮನದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಮಂತ್ರಿ, ದಂಡನಾಯಕ. ಅರಸ ಇವನನ್ನು ಮಗನಂತೆ ಸಾಕಿದ್ದ. ಕಂಬದಲ್ಲಿ ಕೊರೆದಿರುವ ಕನ್ನಡ ಶಾಸನದ ಪ್ರಕಾರ ಅರಸನಿಗೂ ಲಕ್ಷ್ಮನಿಗೂ ಭೇದವೇ ಇರಲಿಲ್ಲ. ಒಡೆಯನ ಜೊತೆ ಬಾಳಿ ಒಡೆಯನ ಜೊತೆಗೇ ಅಳಿಯುವ ಭಾಷೆಯ ಗುರುತಾಗಿ ಅವನು ಎಡಗಾಲಿಗೆ ತೊಡರು ತೊಟ್ಟಿದ್ದ. ಹೆಂಡತಿ ಸುಗ್ಗಲೆಯೂ ಆ ಭಾಷೆಯಲ್ಲಿ ಪಾಲುದಾರಳು. ಇವನೊಂದಿಗೆ ಬದುಕಿ ಸಾಯುತ್ತೇವೆಂದು ಮಾತು ಕೊಟ್ಟ ಸಾವಿರ ಮಂದಿ ವೀರರೂ ಇದ್ದರು. ಕೊನೆಗೆ ಗಂಡ, ಹೆಂಡತಿ, ಪಡೆ ಎಲ್ಲರೂ ಆಡಿದ ಮಾತಿನಂತೆ ನಡೆದರು. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಕಂಬವೂ ಅದರ ಆಸುಪಾಸಿನದು. ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ ಈ ಶಾಸನವನ್ನು ಅಚ್ಚು ಹಾಕಿಸಿದ ಮೇಲೆ ‘ಗರುಡ’ರೆಂಬ ಈ ಅರಸುಜೊತೆಗಾರರ ಬಗ್ಗೆ ಚರ್ಚೆ ನಿಂತೇ ಇಲ್ಲ.

ಹಳೇಬೀಡಿನಿಂದ ಜಾವಗಲ್, ಬಾಣಾವರದ ದಾರಿ ಹಿಡಿದು ಅರಸೀಕೆರೆಗೆ ಬಂದರೆ ಅಲ್ಲಿಯೂ 1220ರ ಒಂದು ಗುರುತಿದೆ. ಊರಿನ ಸಹಸ್ರಕೂಟ ಜಿನಾಲಯವನ್ನು ಆ ವರ್ಷ ಕಟ್ಟಿಸಿದವನು ರೇಚರಸ ಅಥವಾ ರೇಚಿಮಯ್ಯ. ಇವನೂ ದಂಡನಾಯಕನೇ, ಇವನೂ ಬಲ್ಲಾಳನ ಆಶ್ರಯದಲ್ಲಿದ್ದವನೇ. ಆದರೆ ಇವನ ಮೊದಲ ಒಡೆಯರು ಹೊಯ್ಸಳರಲ್ಲ, ಕಲ್ಯಾಣದ ಕಳಚುರಿಗಳು. ಆ ಮನೆ ಮುರಿದು ಬಿದ್ದಾಗ ರೇಚರಸ ಅದರ ಜೊತೆ ಸಾಯಲಿಲ್ಲ. ಬೇರೊಬ್ಬ ಅರಸನ ಆಸರೆ ಹಿಡಿದ, ಮುಪ್ಪಿನವರೆಗೂ ಬದುಕಿದ, ಬಸದಿ ಕಟ್ಟಿಸಿದ. ಇದನ್ನು ಅವನ ಶಾಸನ ಮುಚ್ಚಿಡುವುದೂ ಇಲ್ಲ. ಕಳಚುರಿಗಳ ಶ್ರೇಷ್ಠ ಸಚಿವನಾಗಿದ್ದವನೆಂಬುದನ್ನು ಬಿರುದಿನಂತೆಯೇ ಹೇಳುತ್ತದೆ.

ಒಂದೇ ರಾಜ್ಯ, ಒಂದೇ ಅರಸ, ಹೆಚ್ಚುಕಡಿಮೆ ಒಂದೇ ವರ್ಷ. ಒಬ್ಬ ಒಡೆಯನ ಹಿಂದೆ ಹೋದ, ಇನ್ನೊಬ್ಬ ಒಡೆಯನನ್ನು ದಾಟಿ ಬಂದ. ಇಬ್ಬರನ್ನೂ ಕಲ್ಲು ಹೊಗಳಿತು. ಹಾಗಾದರೆ ಉಂಡ ಅನ್ನದ ಋಣ ಎಲ್ಲಿಯವರೆಗೆ? ಅದನ್ನು ತೀರಿಸಲು ಪ್ರಾಣವನ್ನೇ ಕೊಡಬೇಕೆಂಬುದು ಧರ್ಮವೋ, ಧರ್ಮದ ವೇಷ ತೊಟ್ಟ ಇನ್ನೇನೋ?

ಪ್ರಶ್ನೆ ಹೊಯ್ಸಳರದ್ದಷ್ಟೇ ಅಲ್ಲ. ಸಮುದ್ರದಾಚೆ, ಆಂಗ್ಲೋ ಸ್ಯಾಕ್ಸನ್ನರ ಇಂಗ್ಲೆಂಡಿನಲ್ಲಿ ಅರಸನ ಸುತ್ತ ‘ಥೇನ್’ ಎಂಬ ಒಡನಾಡಿ ಸರದಾರರಿದ್ದರು. ಅರಸನ ಚಾವಡಿಯಲ್ಲಿ ಅವನ ಜೊತೆ ಉಂಡು ಕುಡಿದವರು, ಅವನ ಕೈಯಿಂದ ಕತ್ತಿ, ಕುದುರೆ, ಚಿನ್ನದ ಬಳೆ, ಭೂಮಿ ಪಡೆದವರು. ಅಲ್ಲಿ ಒಬ್ಬನ ಕೊಲೆಗೆ ತೆರಬೇಕಾದ ದಂಡ ಅವನ ಅಂತಸ್ತಿಗೆ ತಕ್ಕಂತೆ ನಿಗದಿಯಾಗಿತ್ತು: ವೆಸೆಕ್ಸ್ ನಾಡಿನಲ್ಲಿ ಸಾಮಾನ್ಯ ರೈತನಿಗೆ 200 ಶಿಲ್ಲಿಂಗ್, ಥೇನನಿಗೆ 1200. ಅಷ್ಟು ಬೆಲೆಯ ಜೀವವನ್ನು ಅವನು ಒಡೆಯನಿಗಾಗಿ ಬಿಡಬೇಕಿತ್ತು. ಅವರ ಪೂರ್ವಿಕರಾದ ಜರ್ಮನ್ ಬುಡಕಟ್ಟುಗಳಲ್ಲಿ ನಾಯಕ ಬಿದ್ದ ರಣದಿಂದ ಜೀವಂತ ಮರಳಿದವನಿಗೆ ಬಾಳೆಲ್ಲ ಅಪಕೀರ್ತಿಯೆಂದು ರೋಮಿನ ಟಾಸಿಟಸ್ ಕ್ರಿ.ಶ. 98ರಲ್ಲೇ ಬರೆದಿಟ್ಟಿದ್ದ.

ಬರೆದದ್ದಕ್ಕೆ ಉದಾಹರಣೆಗಳೂ ಸಿಗುತ್ತವೆ. 626ರಲ್ಲಿ ನಾರ್ತಂಬ್ರಿಯದ ಅರಸ ಎಡ್ವಿನ್‌ನನ್ನು ವಿಷ ಸವರಿದ ಕತ್ತಿಯಿಂದ ಇರಿಯಲು ದೂತನ ವೇಷದಲ್ಲಿ ಬಂದವನ ಮುಂದೆ ಲಿಲ್ಲ ಎಂಬ ಥೇನ್ ತನ್ನ ಮೈಯೊಡ್ಡಿದನೆಂದು ಇತಿಹಾಸಕಾರ ಬೀಡ್ ಬರೆಯುತ್ತಾನೆ. 786ರಲ್ಲಿ ವೆಸೆಕ್ಸಿನ ಅರಸ ಕಿನೆವುಲ್ಫ್ ಪ್ರೇಯಸಿಯ ಮನೆಯಲ್ಲಿದ್ದಾಗ ಕಿನೆಹಾರ್ಡ್ ಎಂಬ ರಾಜಕುಮಾರ ಅವನನ್ನು ಕೊಂದ. ಕೂಗು ಕೇಳಿ ಓಡಿಬಂದ ಥೇನರಿಗೆ ಕೊಲೆಗಾರ ಹಣವನ್ನೂ ಪ್ರಾಣವನ್ನೂ ಕೊಡುತ್ತೇನೆಂದ. ಯಾರೂ ಒಪ್ಪಲಿಲ್ಲ, ಒತ್ತೆಯಾಳಾಗಿದ್ದ ಬ್ರಿಟನ್ ಜನಾಂಗದವನೊಬ್ಬ ಬಲವಾದ ಗಾಯದೊಂದಿಗೆ ಉಳಿದ, ಉಳಿದವರೆಲ್ಲ ಸತ್ತರು. ಮರುದಿನ ಬಂದ ಅರಸನ ಇನ್ನೊಂದು ತಂಡದವರಿಗೆ ಕಿನೆಹಾರ್ಡ್ ಮತ್ತೊಂದು ಬಾಣ ಬಿಟ್ಟ: ನಿಮ್ಮ ನೆಂಟರೇ ನನ್ನ ಜೊತೆಗಿದ್ದಾರೆ ಎಂದ. ಒಡೆಯನಿಗಿಂತ ಹತ್ತಿರದ ನೆಂಟ ನಮಗಿಲ್ಲ ಎಂದು ಉತ್ತರ ಕೊಟ್ಟು ಅವರು ನೆಂಟರನ್ನೂ ಸೇರಿಸಿ ಕಡಿದರು. ರಕ್ತಸಂಬಂಧವನ್ನು ಅನ್ನಸಂಬಂಧ ಸೋಲಿಸಿದ ಕಥೆಯಿದು. ಕೇಳಲು ರೋಮಾಂಚ, ಯೋಚಿಸಿದರೆ ಭಯ.

ಈ ನಿಷ್ಠೆಗೆ ದೇವರ ಮುದ್ರೆ ಒತ್ತಿದವನು ದೊರೆ ಆಲ್ಫ್ರೆಡ್. ಒಂಬತ್ತನೆಯ ಶತಮಾನದ ಕೊನೆಗೆ ಅವನು ಹೊರಡಿಸಿದ ಕಾನೂನಿನ ಪೀಠಿಕೆಯಲ್ಲಿ ಮೊದಲ ಸಲ ಮಾಡಿದ ಬಹುತೇಕ ಅಪರಾಧಗಳಿಗೆ ಹಣದ ದಂಡ ಸಾಕು ಎಂದಿದೆ. ಒಡೆಯನಿಗೆ ಬಗೆದ ದ್ರೋಹಕ್ಕೆ ಮಾತ್ರ ಮಾಫಿಯಿಲ್ಲ. ಕಾರಣ, ತನ್ನನ್ನು ಮಾರಿದವನಿಗೆ ಕ್ರಿಸ್ತನೇ ಕರುಣೆ ತೋರಲಿಲ್ಲ. ಊರಿನ ಒಡೆಯನನ್ನು ಕ್ರಿಸ್ತನ ಜಾಗದಲ್ಲಿ ನಿಲ್ಲಿಸಿ, ಕೈಕೊಟ್ಟ ಆಳನ್ನು ಜುದಾಸನ ಜಾಗಕ್ಕೆ ತಳ್ಳಿದ ಜಾಣತನ ಇದು. ಮುನ್ನೂರು ವರ್ಷಗಳ ಮೇಲೆ ದೋರಸಮುದ್ರದಲ್ಲಿ, ಅಂದರೆ ಅಂದಿನ ಹಳೇಬೀಡಿನಲ್ಲಿ, ನಡೆದದ್ದೂ ಇಂಥದೇ, ದೇವರ ಹೆಸರು ಬೇರೆ.

ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಥೇನ್ ಸಾಯುವುದು ಕಾದಾಡುತ್ತ. ಅವನ ಮುಂದೆ ಒಡೆಯನನ್ನು ಕೊಂದವನು ನಿಂತಿರುತ್ತಾನೆ, ಸೇಡು ತೀರಿಸುವ ಕೆಲಸ ಬಾಕಿಯಿರುತ್ತದೆ. 991ರಲ್ಲಿ ಮಾಲ್ಡನ್ನಿನ ಹೊಳೆದಂಡೆಯಲ್ಲಿ ವೈಕಿಂಗರೆದುರು ಬಿರ್ಟ್‌ನಾತ್ ಎಂಬ ನಾಯಕ ಬಿದ್ದಾಗ ಗಾಡ್ರಿಕ್ ಎಂಬವನು ಸತ್ತ ಒಡೆಯನ ಕುದುರೆಯನ್ನೇ ಏರಿ ಓಡಿದ. ನಿಂತವರು ನಿಂತಲ್ಲೇ ಸತ್ತರು. ಅಲ್ಲಿ ಓಡುವುದು, ನಿಲ್ಲುವುದು ಎರಡಕ್ಕೂ ಅರ್ಥವಿತ್ತು. ಗರುಡನಿಗೆ ಅಂಥ ರಣರಂಗ ಬೇಕಿಲ್ಲ. ಅರಸ ಹಾಸಿಗೆಯ ಮೇಲೆ ಮುಪ್ಪಿನಿಂದ ತೀರಿಕೊಂಡರೂ ಗರುಡನ ಸರದಿ ಬಂದಂತೆಯೇ.

ಇದು ಒಬ್ಬ ಕುವರಲಕ್ಷ್ಮನ ಆವೇಶವೂ ಅಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಆನೆ, ಗರುಡರ ಶಿಲ್ಪವಿರುವ ಕಂಬಗಳಿವೆ. ಅಲ್ಲಿನ ಒಂದು ಮನೆತನ ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರಿಗೆ ಗರುಡರಾಗಿ ಸಾಯುತ್ತ ಬಂದದ್ದನ್ನು ಅವುಗಳ ಶಾಸನ ಎಣಿಸುತ್ತದೆ. ಅರಸ ಸೋಮೇಶ್ವರ ತೀರಿಕೊಂಡಾಗ ಆ ಮನೆತನದ ಕನ್ನೆಯ ನಾಯಕ ಹೆಂಡಿರು, ಆಳುಕಾಳುಗಳ ಸಮೇತ ಹೋದ. ಅದಕ್ಕೂ ಹಿಂದೆ, ಗಂಗರ ಕಾಲದಲ್ಲಿ, ಸತ್ತ ಅರಸನ ಕೆಳಗೆ ಸೇವಕ ತಾನೂ ಹೂಳಿಸಿಕೊಳ್ಳುವ ‘ಕೀಳ್ಗುಂಟೆ’ ಇತ್ತು. ಜೀವ ಬಿಡುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡ ‘ವೇಳೆವಾಳಿ’, ಉಂಡ ಜೋಳಕ್ಕೆ ಪ್ರಾಣದಿಂದ ತೆರುವ ‘ಜೋಳವಾಳಿ’, ಒಡೆಯನಿಗೆ ಮಾರಿಕೊಂಡ ‘ಲೆಂಕ’: ಶಾಸನಗಳಲ್ಲಿ ಚೆಲ್ಲಿರುವ ಈ ಬಗೆಬಗೆಯ ಭಾಷೆಗಳನ್ನು ಎಂ. ಚಿದಾನಂದಮೂರ್ತಿ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಒಂದೆಡೆ ತಂದು ವಿಂಗಡಿಸಿದರು.

ಇವುಗಳ ಮಧ್ಯೆ ಮನಸ್ಸಿಗೆ ಹಿಡಿಸುವ ಒಂದು ನಾಯಿಯ ಕಥೆಯೂ ಇದೆ. 949ರ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದ್ದು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿ ಕೇಳಿದ. ಆ ನಾಯಿ ಮುಂದೆ ದೊಡ್ಡ ಹಂದಿಯೊಂದನ್ನು ಕೆಡವಿ ತಾನೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆಳು ಸತ್ತರೂ ನಾಯಿ ಸತ್ತರೂ ಒಂದೇ ತೆರನ ಕಲ್ಲು ನೆಡುವ ಸಮಾಜದಲ್ಲಿ ನಿಷ್ಠೆಯ ಬೆಲೆ ಎಷ್ಟಿತ್ತೆಂಬುದು ಇದರಿಂದ ಗೊತ್ತಾಗುತ್ತದೆ. ಅದರ ಒಳಗಿನ ಮುಜುಗರವೂ ಗೊತ್ತಾಗುತ್ತದೆ; ಸೇವೆಯೆಂದರೆ ನಾಯಿಯ ಬಾಳು ಎಂದು ಮನುಸ್ಮೃತಿ ಯಾವತ್ತೋ ಹೇಳಿತ್ತಷ್ಟೆ.

ರಣದಲ್ಲಿ ಸತ್ತವನ ಗತಿಯ ಬಗ್ಗೆ ನಮ್ಮ ಪರಂಪರೆಗೆ ಗೊಂದಲವಿರಲಿಲ್ಲ. ಯೋಗದಲ್ಲಿ ದೇಹ ಬಿಟ್ಟ ಸನ್ಯಾಸಿ, ಶತ್ರುವಿಗೆ ಎದೆಗೊಟ್ಟು ಬಿದ್ದ ವೀರ, ಇಬ್ಬರೂ ಸೂರ್ಯಮಂಡಲವನ್ನು ಭೇದಿಸಿ ಹೋಗುತ್ತಾರೆಂದು ಸ್ಮೃತಿಕಾರರು ಹೇಳುತ್ತಾರೆ. ವೀರಗಲ್ಲುಗಳೂ ಅದನ್ನೇ ತೋರಿಸುತ್ತವೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಸುಮ್ಮನೆ ತನ್ನ ಪ್ರಾಣ ತೆಗೆದುಕೊಂಡವನಿಗೆ ಮಾತ್ರ ಧರ್ಮಶಾಸ್ತ್ರದಲ್ಲಿ ಒಳ್ಳೆಯ ಗತಿಯಿಲ್ಲ. ಹಾಗಾದರೆ ಶತ್ರುವೇ ಇಲ್ಲದೆ ತನ್ನ ಕತ್ತಿಗೆ ತಾನೇ ಕೊರಳು ಕೊಟ್ಟ ಗರುಡ ಎಲ್ಲಿಗೆ ಹೋದ? ವೀರಸ್ವರ್ಗದ ಬಾಗಿಲಲ್ಲಿ ಅವನು ತೋರಿಸಬೇಕಾದ ರಣದ ಗಾಯ ಅವನ ಮೈಮೇಲಿಲ್ಲ.

ಹಳೇಬೀಡಿನ ಕಂಬ ಈ ತೊಡಕನ್ನು ಬಲು ಜಾಣತನದಿಂದ ಬಿಡಿಸಿಕೊಂಡಿದೆ. ಅದು ಲಕ್ಷ್ಮನನ್ನು ವೀರಸ್ವರ್ಗಕ್ಕೆ ಕಳಿಸುವುದಿಲ್ಲ. ಗಂಡ ಗರುಡನಲ್ಲಿ, ಹೆಂಡತಿ ಲಕ್ಷ್ಮಿಯಲ್ಲಿ ಒಂದಾದರು ಎನ್ನುತ್ತದೆ. ಅಂದರೆ ಅವರು ಸಾಯಲಿಲ್ಲ, ತಮ್ಮ ಮೂಲಕ್ಕೆ ಮರಳಿದರು. ಇಡೀ ಕಲ್ಪನೆ ನಿಂತಿರುವುದು ಬೇಲೂರಿನ ನೆಲದ ಮೇಲೆ. 1117ರಲ್ಲಿ ವಿಷ್ಣುವರ್ಧನ ಅಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ. ಇಂದಿಗೂ ಚೆನ್ನಕೇಶವನ ಬಾಗಿಲೆದುರು ಗರುಡ ಕೈಮುಗಿದು ನಿಂತಿದ್ದಾನೆ. ಅರಸ ನಾರಾಯಣನ ಅಂಶವಾದರೆ ಅವನನ್ನು ಹೊತ್ತು ತಿರುಗುವವನು ಗರುಡ. ನಾರಾಯಣ ಹೋದ ಕಡೆ ಗರುಡ ಹೋಗದೆ ಇರುವುದಾದರೂ ಹೇಗೆ?

ಆದರೆ ಪುರಾಣದ ಗರುಡನ ಕಥೆ ಇಷ್ಟು ಸಲೀಸಲ್ಲ. ಮಹಾಭಾರತದ ಆದಿಪರ್ವದಲ್ಲಿ ಅವನು ದಾಸಿಯ ಮಗನಾಗಿ ಬೆಳೆದವನು. ತಾಯಿಯ ಸವತಿ ಕದ್ರುವಿನ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ತಿರುಗಿ ರೋಸಿದವನು. ತಾಯಿ ವಿನತೆಯ ದಾಸ್ಯ ಬಿಡಿಸಲು ಅಮೃತ ತರುತ್ತಾನೆ, ಒಂದು ಹನಿಯನ್ನೂ ತಾನು ಕುಡಿಯುವುದಿಲ್ಲ. ಮೆಚ್ಚಿದ ವಿಷ್ಣುವಿನ ಬಳಿ, ನಿನಗಿಂತ ಮೇಲೆ ನನಗೆ ಜಾಗ ಬೇಕು, ಅಮೃತವಿಲ್ಲದೆಯೂ ಸಾವಿಲ್ಲದಿರಬೇಕು ಎಂದು ಕೇಳುತ್ತಾನೆ. ತಿರುಗಿ ತಾನೂ ವಿಷ್ಣುವಿಗೆ ವರ ಕೊಡುತ್ತಾನೆ. ವಿಷ್ಣು ಅವನನ್ನು ವಾಹನವಾಗು ಎಂದು ಕೇಳಿ, ಧ್ವಜದ ಮೇಲೆ ಕೂರಿಸಿಕೊಳ್ಳುತ್ತಾನೆ. ಇದು ದಾಸ್ಯದಿಂದ ಬಿಡುಗಡೆಯಾದವನು ಸರಿಸಮನಾಗಿ ನಿಂತು ಒಪ್ಪಿಕೊಂಡ ಸೇವೆ. ಅಲ್ಲಿ ಸಾವಿನ ಮಾತೇ ಇಲ್ಲ, ಸಾವಿಲ್ಲದಿರುವುದೇ ವರ. ಅರಸನಿಗೂ ಲಕ್ಷ್ಮನಿಗೂ ಭೇದವಿಲ್ಲವೆಂಬ ಶಾಸನದ ಮಾತಿನಲ್ಲಿ ಆ ಸಮಾನತೆಯ ನೆನಪು ಉಳಿದಿದೆ. ಅಮರತ್ವದ ಭಾಗವನ್ನು ಮಾತ್ರ ಸಾವಿನಿಂದ ಕೊಂಡುಕೊಳ್ಳಬೇಕಾಯಿತು.

ಹೊಯ್ಸಳ ನಾಡಿನಲ್ಲೇ ಓಡಾಡಿದ ರಾಮಾನುಜಾಚಾರ್ಯರು ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೈಗೆತ್ತಿಕೊಂಡಿದ್ದರು. ಜೀವ ದೇವರ ಶೇಷ, ಅವನ ಸೇವೆಯೇ ಜೀವದ ಸ್ವಭಾವ ಎಂಬುದು ಅವರ ದರ್ಶನದ ತಿರುಳು. ಅದಕ್ಕೆ ಎದುರಾಗುವ ಆಕ್ಷೇಪ ಅವರಿಗೆ ಚೆನ್ನಾಗಿ ಗೊತ್ತಿತ್ತು: ಪರಾಧೀನವಾದದ್ದೆಲ್ಲ ದುಃಖ, ಸೇವೆ ನಾಯಿಪಾಡು ಎಂದು ಮನುವೇ ಹೇಳಿರುವಾಗ ದಾಸ್ಯ ಸುಖವಾಗುವುದು ಹೇಗೆ? ‘ವೇದಾರ್ಥಸಂಗ್ರಹ’ದ ಕೊನೆಯ ಭಾಗದಲ್ಲಿ ಅವರು ಕೊಡುವ ಉತ್ತರ ನೇರವಾಗಿದೆ. ನಿಂದೆಗೆ ತಕ್ಕದ್ದು ಸೇವೆಗೆ ಅರ್ಹನಲ್ಲದವನ ಸೇವೆ. ಪರಮಪುರುಷನ ಸೇವೆ ಜೀವಕ್ಕೆ ಸಹಜ, ಆದ್ದರಿಂದ ಸುಖ. ಈ ಮಾತನ್ನು ಅದರ ಅರ್ಥದಲ್ಲೇ ಹಿಡಿದರೆ ಯಾವ ಅರಸನಿಗೂ ಗರುಡ ದಕ್ಕುವುದಿಲ್ಲ. ಮನುಷ್ಯನೊಬ್ಬನಿಗೆ ಸಂಪೂರ್ಣ ಶರಣಾಗುವುದು ಆ ದರ್ಶನದ ಪ್ರಕಾರ ವಿಳಾಸ ತಪ್ಪಿದ ಭಕ್ತಿ. ದೋರಸಮುದ್ರದ ದರ್ಬಾರು ಮಾಡಿದ್ದು ಅದನ್ನೇ: ದೇವಾಲಯದ ಭಾಷೆಯನ್ನು ಎರವಲು ತಂದು, ದೇವರಿಗೆ ಸಲ್ಲಬೇಕಾದ ಇಡಿಯ ಶರಣಾಗತಿಯನ್ನು ಸಿಂಹಾಸನದ ಖಾತೆಗೆ ಜಮಾ ಮಾಡಿಕೊಂಡಿತು. ಆಲ್ಫ್ರೆಡನ ಕಾನೂನು ಕ್ರಿಸ್ತನನ್ನು ಬಳಸಿಕೊಂಡ ರೀತಿಯೂ ಇದೇ. ಗರುಡರ ಧೈರ್ಯದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆ ಧೈರ್ಯ ಯಾರಿಗೆ ಸಂದಾಯವಾಯಿತು ಎಂಬುದರ ಬಗ್ಗೆ.

ಇದೇ ಎರವಲನ್ನು ಹಿಂದಿರುಗಿ ಪಡೆದವರೂ ಇದ್ದರು. ಹನ್ನೆರಡನೆಯ ಶತಮಾನದ ಶರಣರು ಅರಮನೆಯ ಲೆಂಕನನ್ನು ಶಿವನ ಮನೆಗೆ ಕರೆತಂದರು. ಶಿವಲೆಂಕ ಮಂಚಣ್ಣನ ಹೆಸರೇ ಅದಕ್ಕೆ ಸಾಕ್ಷಿ. ಬಸವಣ್ಣ ಬಿಜ್ಜಳನ ಭಂಡಾರಿಯಾಗಿ ಸಂಬಳ ಉಂಡವನು, ನಿಷ್ಠೆಯನ್ನು ಮಾತ್ರ ಬೇರೆ ಕಡೆ ಕಟ್ಟಿದವನು. ದೋರಸಮುದ್ರದ ಅರಮನೆಯಲ್ಲೇ ಕರಣಿಕನಾಗಿ ಲೆಕ್ಕ ಬರೆಯುತ್ತಿದ್ದ ಹರಿಹರ ಆ ಚಾಕರಿ ಬಿಟ್ಟು ಹಂಪೆಯ ವಿರೂಪಾಕ್ಷನ ಬಳಿಗೆ ಹೊರಟುಹೋದನೆಂದು ಪರಂಪರೆ ಹೇಳುತ್ತದೆ. ಅವನು ಮುಂದೆ ರಗಳೆಗಳಲ್ಲಿ ಹಾಡಿದ್ದು ಶಿವನನ್ನು, ಶಿವನ ಭಕ್ತರನ್ನು.

ಜೈನರ ತಕರಾರು ಇದಕ್ಕಿಂತ ಆಳದ್ದು. ಸಲ್ಲೇಖನ ಮಾಡುವವರು ತಾವೇ ಸಾವನ್ನು ಬರಮಾಡಿಕೊಳ್ಳುವವರು ತಾನೆ, ಗರುಡನಿಗಿಂತ ಅದು ಹೇಗೆ ಬೇರೆ ಎಂದು ಯಾರಾದರೂ ಕೇಳಬಹುದು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅದಕ್ಕೆ ಗಡಿ ಹಾಕುತ್ತದೆ: ದಾಟಲಾಗದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಬಂದಾಗ ಮಾತ್ರ ಧರ್ಮಕ್ಕಾಗಿ ದೇಹ ಬಿಡಬಹುದು. ಅಮೃತಚಂದ್ರರು ಇನ್ನೂ ಬಿಗಿಯಾದ ಮಾತು ಸೇರಿಸುತ್ತಾರೆ. ರಾಗದ್ವೇಷಗಳಿಲ್ಲದ ಸಾವು ಆತ್ಮಹತ್ಯೆಯಲ್ಲ. ರಾಗದಿಂದ, ಕೋಪದಿಂದ, ಆವೇಶದಿಂದ ಪ್ರಾಣ ಕಳೆದುಕೊಂಡರೆ ಅದು ಆತ್ಮಹತ್ಯೆಯೇ. ಗರುಡನ ಸಾವಿನಲ್ಲಿ ರಾಗವೇ ಪ್ರಧಾನ. ಒಡೆಯನ ಮೇಲಿನ ಪ್ರೀತಿಯಿಲ್ಲದಿದ್ದರೆ ಆ ವ್ರತಕ್ಕೆ ಅರ್ಥವೇ ಇಲ್ಲ. ಸಾವಿಗೆ ಮುನ್ನ ಎಲ್ಲ ನಂಟನ್ನೂ ಕಳಚಿಕೊಳ್ಳುವುದು ಒಂದು ದಾರಿ, ನಂಟು ಕಳಚಿತೆಂದೇ ಸಾಯುವುದು ಇನ್ನೊಂದು. ಶ್ರವಣಬೆಳಗೊಳದ ನಿಸಿದಿಗಲ್ಲುಗಳನ್ನೂ ಹಳೇಬೀಡಿನ ಕಂಬವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಹಾಗಾಗಿ ಸರಿಯಲ್ಲ.

ಇನ್ನು ಬಲ್ಲಾಳನ ಆಸ್ಥಾನದಲ್ಲೇ ಕುಳಿತು ಬರೆದ ಜನ್ನನ ಪುಸ್ತಕವನ್ನು ಗಮನಿಸಬೇಕು. 1209ರ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಹಿಟ್ಟು. ಆದರೂ ಕೊಲ್ಲುವ ಸಂಕಲ್ಪಕ್ಕಾಗಿ ತಾಯಿ, ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ನರಳುತ್ತಾರೆ. ಈ ಕಾವ್ಯ ಬರೆದವನಿಗೆ ‘ಕವಿಚಕ್ರವರ್ತಿ’ ಬಿರುದು ಕೊಟ್ಟ ಅರಸನ ಅರಮನೆಯ ಸುತ್ತಲೇ ಸಾವಿರ ಜನ ಕೊರಳು ಕೊಡುವ ಸಂಕಲ್ಪ ಮಾಡಿ ತಿರುಗುತ್ತಿದ್ದರು. ಹಿಟ್ಟಿನ ಕೋಳಿಗೆ ಅಷ್ಟು ಶಿಕ್ಷೆಯಾದರೆ ಸಾವಿರ ಮನುಷ್ಯರ ಲೆಕ್ಕ ಏನು ಎಂದು ಆ ಸಭೆಯಲ್ಲಿ ಯಾರಾದರೂ ಒಬ್ಬರು ಮನಸ್ಸಿನಲ್ಲಾದರೂ ಕೇಳಿಕೊಂಡಿರಬೇಕು.

ಸಾವಿರ ಮಂದಿ ಎಂಬಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಅರಸ ಸಾಕಿ ಬೆಳೆಸಿದ್ದು ಲಕ್ಷ್ಮನನ್ನು. ಮಂತ್ರಿಪದವಿ, ಸಮಾನತೆ, ಕೀರ್ತಿ ಸಿಕ್ಕಿದ್ದೂ ಅವನಿಗೆ. ಅವನು ಅರಸನಿಗೆ ಋಣಿ ಎಂದರೆ ಒಪ್ಪಬಹುದು. ಅವನ ಪಡೆಯವರು ಋಣಿಯಾಗಿದ್ದುದು ಅವನಿಗೆ. ಋಣಕ್ಕೆ ಋಣ ಪೋಣಿಸಿಕೊಂಡು ಹೋದ ಈ ಸರದಲ್ಲಿ ಮೇಲಿನ ಒಂದು ಸಾವಿಗೆ ಕೆಳಗೆ ಸಾವಿರ ಸಾವು. ಸುಗ್ಗಲೆಯ ಹೆಸರಾದರೂ ಉಳಿಯಿತು. ಉಳಿದವರು ಕಂಬದ ಮೇಲಿನ ಮುಖವಿಲ್ಲದ ಗೊಂಬೆಗಳು. ಇಂಗ್ಲೆಂಡಿನಲ್ಲೂ ಥೇನರದೇ ಹೆಸರು ಹೆಚ್ಚು. ಆದರೆ ಮಾಲ್ಡನ್ನಿನ ಆ ಕಾಳಗದ ಮೇಲೆ ಕಾವ್ಯ ಕಟ್ಟಿದವನು ಡನ್ನೆರೆ ಎಂಬ ಸಾಮಾನ್ಯ ರೈತನ ಬಾಯಿಗೂ ಒಂದು ಮಾತು ಕೊಟ್ಟ.

ನಿಷ್ಠೆಯ ಹಿಂದಿನ ಅನ್ನದ ಲೆಕ್ಕವನ್ನು ನಮ್ಮ ಹಿರಿಯರು ಮುಚ್ಚಿಟ್ಟವರಲ್ಲ. ಕುರುಕ್ಷೇತ್ರದಲ್ಲಿ ಯುಧಿಷ್ಠಿರ ಕಾಲಿಗೆರಗಿದಾಗ ಭೀಷ್ಮ ತಾನು ಕೌರವರ ಪಕ್ಷದಲ್ಲಿರುವ ಕಾರಣವನ್ನು ಧರ್ಮದ ಹೆಸರಿನಲ್ಲಿ ಹೇಳುವುದಿಲ್ಲ. ಮನುಷ್ಯ ಹಣದ ದಾಸ, ಕೌರವರು ನನ್ನನ್ನು ಅದರಿಂದ ಕಟ್ಟಿಹಾಕಿದ್ದಾರೆ ಎನ್ನುತ್ತಾನೆ. ಪಂಪನ ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಾಗುವುದಿಲ್ಲ. ಅಲ್ಲಿಯೂ ರಕ್ತ ಸೋತು ಅನ್ನ ಗೆಲ್ಲುತ್ತದೆ, ಕಿನೆಹಾರ್ಡನ ಬಾಗಿಲಲ್ಲಿ ಗೆದ್ದಂತೆ. ಆದರೆ ಕನ್ನಡ ಓದುಗ ಕರ್ಣನಿಗಾಗಿ ಕಣ್ಣೀರು ಹಾಕುವುದು ಅವನು ಸರಿಯಾದ ಪಕ್ಷ ಆರಿಸಿದನೆಂದಲ್ಲ. ತಪ್ಪು ಪಕ್ಷವೆಂದು ತಿಳಿದೂ ಬಿಡಲಾರದೆ ಹೋದನಲ್ಲ ಎಂದು.

ಬಿಡಬಲ್ಲವರ ಸಾಲಿಗೆ ರೇಚರಸ ಸೇರುತ್ತಾನೆ. ಕಳಚುರಿಗಳ ಕಾಲದಲ್ಲಿ ನಾಗರಖಂಡದ ಕಡೆ ಅಧಿಕಾರ ನಡೆಸಿದವನು, ಬಸದಿಗಳಿಗೆ ದತ್ತಿ ಬಿಟ್ಟವನು, ‘ವಸುಧೈಕಬಾಂಧವ’ ಎಂಬ ಬಿರುದಿನವನು. 1183–84ರ ಹೊತ್ತಿಗೆ ಕಳಚುರಿ ಆಳ್ವಿಕೆ ಕುಸಿಯಿತು. ಇಂಥ ಸಂದರ್ಭಗಳಲ್ಲಿ ಇಂಗ್ಲೆಂಡಿನ ಎಡ್ರಿಕ್ ಸ್ಟ್ರಿಯೋನನ ಪಾಡು ನೆನಪಾಗುತ್ತದೆ. ಅವನು 1015–16ರಲ್ಲಿ ಸಿಂಹಾಸನಕ್ಕಾಗಿ ಕಾದಾಡುತ್ತಿದ್ದ ಎಡ್ಮಂಡ್, ಕ್ನೂಟ್ ಇಬ್ಬರ ನಡುವೆ ಅತ್ತಿಂದಿತ್ತ ಜಿಗಿದ; ಗೆದ್ದ ಕ್ನೂಟನೇ 1017ರಲ್ಲಿ ಅವನನ್ನು ಕೊಲ್ಲಿಸಿದ. ಆದರೆ ಎಡ್ರಿಕ್ ಬದುಕಿದ್ದ ಒಡೆಯನಿಗೆ ಕೈಕೊಟ್ಟವನು. ರೇಚರಸನ ಒಡೆತನ ತಾನಾಗಿಯೇ ಮುಗಿದಿತ್ತು. ಸತ್ತ ರಾಜ್ಯಕ್ಕೆ ದ್ರೋಹ ಬಗೆಯಲು ಬರುವುದಿಲ್ಲ. ಉಳಿದದ್ದು ಕೈಯಲ್ಲಿರುವ ಶಕ್ತಿಯನ್ನು ಯಾವುದಕ್ಕೆ ಹಾಕುವುದು ಎಂಬ ಪ್ರಶ್ನೆ. ಅವನು ಅದನ್ನು ಅರಸೀಕೆರೆಯ ಬಸದಿಗೆ ಹಾಕಿದ. ಬಲ್ಲಾಳ ಆ ಬಸದಿಗೆ ಒಂದು ಗ್ರಾಮವನ್ನೇ ದತ್ತಿ ಬಿಟ್ಟ. ಒಡೆಯನೊಡನೆ ಸಾಯದೆ ಬಂದವನೆಂದು ಅವನನ್ನು ಅರಸ ಹೀಗಳೆದ ಸುಳಿವು ಎಲ್ಲೂ ಇಲ್ಲ. ಹಳೇಬೀಡಿನ ಕಂಬದಲ್ಲಿ ಸಾವಿರ ಆಳುಗಳ ಅಳಿವು, ಇಲ್ಲಿ ಸಹಸ್ರಕೂಟದಲ್ಲಿ ಕೆತ್ತಿದ ಸಾವಿರ ಜಿನಬಿಂಬ. ಕಾಕತಾಳೀಯವಿರಬಹುದು, ಆದರೂ ಕಣ್ಣು ತಪ್ಪುವುದಿಲ್ಲ.

ಗಂಗರಾಜ ಇನ್ನೂ ಒಂದು ಬಗೆ. ವಿಷ್ಣುವರ್ಧನನಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ಈ ದಂಡನಾಯಕ ಕಣ್ಣೆಗಾಲದಲ್ಲಿ ರಾತ್ರೋರಾತ್ರಿ ಚಾಲುಕ್ಯರ ಪಾಳೆಯದ ಮೇಲೆ ಬಿದ್ದು ಓಡಿಸಿದ. ಮೆಚ್ಚಿದ ಅರಸ ಏನು ಬೇಕೆಂದು ಕೇಳಿದಾಗ ಪರಮ ಎಂಬ ಗ್ರಾಮ ಬೇಡಿ, ಅದನ್ನು ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ ಜಿನಾಲಯಗಳಿಗೆ ಕೊಟ್ಟುಬಿಟ್ಟನೆಂದು 1118ರ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವನ ಕತ್ತಿ ಅರಸನದು, ಗಳಿಕೆ ಬಸದಿಯದು. ವಿಷ್ಣುವರ್ಧನ ವೈಷ್ಣವನಾದರೂ ಇವನು ಜೈನನಾಗಿಯೇ ಉಳಿದ. 1133ರಲ್ಲಿ ಅವನು ತೀರಿಕೊಂಡಾಗ ಮಗ ಬೊಪ್ಪ ದೋರಸಮುದ್ರದಲ್ಲಿ, ಈಗಿನ ಬಸದಿಹಳ್ಳಿಯಲ್ಲಿ, ತಂದೆಯ ನೆನಪಿಗೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ತಲುಪಿದಾಗ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಜಯವೂ ಗಂಡುಮಗುವೂ ಆಗಿತ್ತು. ಸಂತೋಷದಿಂದ ಅರಸ ಆ ದೇವರಿಗೆ ‘ವಿಜಯಪಾರ್ಶ್ವ’ ಎಂದು ಹೆಸರಿಟ್ಟ. ಮಗುವಿಗೆ ನರಸಿಂಹ ಎಂದು ಹೆಸರಾಯಿತು. ಆ ನರಸಿಂಹನ ಮಗನೇ ಕುವರಲಕ್ಷ್ಮನ ಒಡೆಯ ಬಲ್ಲಾಳ.

ಬಲ್ಲಾಳ ತೀರಿಕೊಂಡ ಮೇಲೆ ಅವನ ಮಗ ಇಮ್ಮಡಿ ನರಸಿಂಹ ಪಟ್ಟಕ್ಕೆ ಬಂದ. ಹೊಸ ಅರಸನಿಗೆ ಆಡಳಿತ ಗೊತ್ತಿದ್ದವರು, ಗಡಿ ಕಾಯುವವರು, ಲೆಕ್ಕ ಬಲ್ಲವರು ಬೇಕಾಗಿದ್ದ ಹೊತ್ತಿನಲ್ಲಿ ತಂದೆಯ ಅತ್ಯಂತ ನಂಬಿಕೆಯ ದಂಡನಾಯಕನೂ ಸಾವಿರ ಪಳಗಿದ ಕಟ್ಟಾಳುಗಳೂ ಇರಲಿಲ್ಲ. ಅರಸನಿಗೆ ಸಂದ ನಿಷ್ಠೆ ರಾಜ್ಯಕ್ಕೆ 1220ರಲ್ಲಿ ಎಷ್ಟು ದುಬಾರಿಯಾಯಿತೆಂದು ಯಾವ ಶಾಸನವೂ ಲೆಕ್ಕ ಹಾಕಲಿಲ್ಲ. ಜನ್ನ ಮಾತ್ರ ಉಳಿದಿದ್ದ. ಬಲ್ಲಾಳನ ಬಿರುದು ಹೊತ್ತ ಆ ಕವಿ, ಮಂತ್ರಿಯೂ ಆಗಿದ್ದವನು, ಮಗನ ಆಳ್ವಿಕೆಯಲ್ಲೂ ದೋರಸಮುದ್ರದಲ್ಲೇ ಕುಳಿತು ಬರೆಯುತ್ತ ಹೋದ. 1230ರಲ್ಲಿ ‘ಅನಂತನಾಥ ಪುರಾಣ’ವನ್ನು ಮುಗಿಸಿದ.